ಪ್ರಬಂಧಕ್ಕೆ ಅಂಕ ಬೀಳುವುದು ಎಲ್ಲಿ? ಕೋಟೆನಾಡಿನ ಉತ್ತರಪತ್ರಿಕೆಯ ಒಳಹೊರಗು

ಚಿತ್ರದುರ್ಗ: ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆ ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಪಠ್ಯಪುಸ್ತಕದಿಂದ ನೇರವಾಗಿ ಎತ್ತಿ ಬರೆಯಲಾಗದ ಪ್ರಶ್ನೆಗಳು ಬೆರಳೆಣಿಕೆಯಷ್ಟು. ಗಾದೆ ವಿಸ್ತರಣೆ, ಪತ್ರಲೇಖನ ಹಾಗೂ ಪ್ರಬಂಧ ಈ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ವಿದ್ಯಾರ್ಥಿಗೆ ಹೆಚ್ಚು ಸ್ವಾತಂತ್ರ್ಯ ಇರುವುದು ಪ್ರಬಂಧದಲ್ಲಿ. ಹೆಚ್ಚು ಬಾಯಿಪಾಠ ನಡೆಯುವುದೂ ಅದರಲ್ಲಿಯೇ ಎಂಬುದು ವಿಚಿತ್ರ.

ಕಾರಣ ಸರಳವಾಗಿದೆ. ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ, ಸಾಮಾಜಿಕ ಪಿಡುಗುಗಳು, ಜಲ ಸಂರಕ್ಷಣೆ ಮುಂತಾದ ವಿಷಯಗಳು ವರ್ಷದಿಂದ ವರ್ಷಕ್ಕೆ ಸುತ್ತಿ ಬರುತ್ತವೆ. ಪುಸ್ತಕದಂಗಡಿಯ ಗೈಡುಗಳಲ್ಲಿ ಇವಕ್ಕೆಲ್ಲ ಸಿದ್ಧ ಪ್ರಬಂಧಗಳಿವೆ. ಸ್ವಂತ ಮಾತಿನಲ್ಲಿ ಬರೆದರೆ ಅಂಕ ಕಡಿತವಾದೀತು, ಗೈಡಿನದನ್ನು ಬರೆದರೆ ಯಾರೂ ಕಡಿಯಲಾರರು ಎಂಬ ಭಯ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಮೌಲ್ಯಮಾಪನ ನಡೆಯುವ ಬಗೆಯನ್ನು ಬಿಡಿಸಿ ನೋಡಿದರೆ ಈ ಭಯಕ್ಕೆ ಅರ್ಧದಷ್ಟು ಆಧಾರವಿದೆ. ಉಳಿದ ಅರ್ಧ ಬರಿಯ ಊಹೆ.

ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಈ ಪ್ರಶ್ನೆಗೆ ಬೇರೊಂದು ತೂಕವೂ ಇದೆ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಯು ಶೇ. 96.80 ಪಡೆದು ರಾಜ್ಯಕ್ಕೇ ಪ್ರಥಮ ಸ್ಥಾನ ಗಳಿಸಿತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಗೂ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಬಂದಿತು. ಆ ವರ್ಷ ರಾಜ್ಯದ ಒಟ್ಟು ಫಲಿತಾಂಶ ಶೇ. 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆ. ಚಿತ್ರದುರ್ಗ 21ನೇ ಸ್ಥಾನಕ್ಕೆ ಸರಿಯಿತು. ಇಳಿಕೆಗೆ ಯಾವುದು ಎಷ್ಟು ಕಾರಣವೆಂಬ ಚರ್ಚೆ ಆಗ ಸಾಕಷ್ಟು ನಡೆದಿದೆ. ಒಂದು ಮಾತನ್ನು ಮಾತ್ರ ನಿಸ್ಸಂದೇಹವಾಗಿ ಹೇಳಬಹುದು: ಕಣ್ಗಾವಲಿನ ಕೊಠಡಿಯಲ್ಲಿ ವಿದ್ಯಾರ್ಥಿಯ ಕೈಹಿಡಿಯುವುದು ತಾನೇ ವಾಕ್ಯ ಕಟ್ಟುವ ಶಕ್ತಿಯೊಂದೇ. ಆ ಶಕ್ತಿಯನ್ನು ನೇರವಾಗಿ ಅಳೆಯುವ ಪ್ರಶ್ನೆಯೆಂದರೆ ಪ್ರಬಂಧ.

ಒಂಬತ್ತು ನಿಮಿಷದ ಲೆಕ್ಕ

2025ರವರೆಗಿನ ಪರೀಕ್ಷೆಗಳಲ್ಲಿ ಪ್ರಥಮ ಭಾಷೆಗೆ ಒಟ್ಟು 125 ಅಂಕ. ಅದರಲ್ಲಿ ಲಿಖಿತ ಪರೀಕ್ಷೆಗೆ 100, ಆಂತರಿಕ ಮೌಲ್ಯಮಾಪನಕ್ಕೆ 25. ಅವಧಿ 3 ಗಂಟೆ 15 ನಿಮಿಷ. ಪ್ರಶ್ನೆಪತ್ರಿಕೆ ಓದಿಕೊಳ್ಳುವ 15 ನಿಮಿಷವನ್ನು ಕಳೆದರೆ 100 ಅಂಕಕ್ಕೆ ಉಳಿಯುವುದು 180 ನಿಮಿಷ. ಒಂದು ಅಂಕಕ್ಕೆ ಎರಡು ನಿಮಿಷವೂ ಪೂರ್ತಿ ಸಿಗುವುದಿಲ್ಲ. ಪ್ರಬಂಧದ ಪಾಲು ನಾಲ್ಕೈದು ಅಂಕ. ಅಂದರೆ ಲೆಕ್ಕದ ಪ್ರಕಾರ ಅದಕ್ಕೆ ಸಲ್ಲುವ ಸಮಯ ಸುಮಾರು ಒಂಬತ್ತು ನಿಮಿಷ. ಪ್ರಬಂಧವು ಪತ್ರಿಕೆಯ ಕೊನೆಯ ಭಾಗದಲ್ಲಿ ಬರುವುದರಿಂದ, ಮೊದಲಿನ ಪ್ರಶ್ನೆಗಳಿಗೆ ಸಮಯ ಸುರಿದವರಿಗೆ ಅಷ್ಟೂ ಉಳಿಯುವುದಿಲ್ಲ.

ಒಂಬತ್ತು ನಿಮಿಷದಲ್ಲಿ ವಿಷಯ ಆರಿಸಿ, ಯೋಚಿಸಿ, ಹದಿನೈದು ಇಪ್ಪತ್ತು ವಾಕ್ಯ ಬರೆಯಬೇಕು. ಗೈಡಿನ ಪ್ರಬಂಧ ಆಕರ್ಷಕವಾಗಿ ಕಾಣುವುದು ಈ ಕಾರಣಕ್ಕೆ. ಮಕ್ಕಳ ಸೋಮಾರಿತನವೆಂದು ಇದನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಇನ್ನು ಅಂಕ ಹಂಚಿಕೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಪರೀಕ್ಷೆಯ ನಂತರ ಮಾದರಿ ಉತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗೆ ಅವಕಾಶ ನೀಡುತ್ತದೆ. ಇತರ ಪ್ರಶ್ನೆಗಳಿಗೆ ಅಲ್ಲಿ ಉತ್ತರವೇ ಇರುತ್ತದೆ. ಪ್ರಬಂಧಕ್ಕೆ ಇರುವುದು ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಚೌಕಟ್ಟು. ಇವುಗಳಲ್ಲಿ ವಿಷಯ ನಿರೂಪಣೆಯ ಪಾಲೇ ದೊಡ್ಡದು. ಚೌಕಟ್ಟನ್ನು ಮುರಿದವರಿಗೆ ಅಂಕ ಹೋಗುತ್ತದೆ ಎಂಬ ಭಯಕ್ಕೆ ಆಧಾರ ಇರುವುದು ಇಲ್ಲಿ. ಆರಂಭವಿಲ್ಲದೆ ನಡುವಿಗೆ ಹಾರಿದ, ಅರ್ಧಕ್ಕೇ ನಿಂತ ಪ್ರಬಂಧವು ಒಳಗೆ ಎಷ್ಟೇ ಒಳ್ಳೆಯ ಮಾತಿದ್ದರೂ ಅಂಕ ಕಳೆದುಕೊಳ್ಳುತ್ತದೆ. ಆದರೆ ಚೌಕಟ್ಟಿನೊಳಗೆ ಗೈಡಿನ ವಾಕ್ಯಗಳೇ ಇರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ.

ಮೌಲ್ಯಮಾಪಕರ ಮೇಜಿನ ಮೇಲೆ

ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಬರೆದ ಉತ್ತರಪತ್ರಿಕೆಯನ್ನು ಅದೇ ಊರಿನ ಶಿಕ್ಷಕರು ನೋಡುವುದಿಲ್ಲ. ಪತ್ರಿಕೆಗಳು ಬೇರೆ ಜಿಲ್ಲೆಯ ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಸಹಾಯಕ ಮೌಲ್ಯಮಾಪಕರು ತಿದ್ದುತ್ತಾರೆ, ಉಪಮುಖ್ಯ ಮೌಲ್ಯಮಾಪಕರು ಅವುಗಳಲ್ಲಿ ಕೆಲವನ್ನು ಮತ್ತೆ ಪರಿಶೀಲಿಸುತ್ತಾರೆ. ಬರೆದವರು ಯಾರು, ಯಾವ ಶಾಲೆಯವರು ಎಂಬುದು ತಿದ್ದುವವರಿಗೆ ತಿಳಿದಿರುವುದಿಲ್ಲ.

ಈ ವ್ಯವಸ್ಥೆಯಿಂದ ಪಕ್ಷಪಾತ ತಪ್ಪುತ್ತದೆ. ಆದರೆ ಅದರ ಇನ್ನೊಂದು ಪರಿಣಾಮವನ್ನು ತರಗತಿಗಳಲ್ಲಿ ಹೇಳಿಕೊಡುವುದು ಕಡಿಮೆ. ಪ್ರಬಂಧದ ಓದುಗರು ಬೇರೆ ಊರಿನವರು. ‘ಮಾರಿಕಣಿವೆ ಕೋಡಿ ಬಿದ್ದಾಗ ನಮ್ಮೂರಿಗೆ ಜಾತ್ರೆಯಂತೆ ಜನ ಬಂದರು’ ಎಂದು ಹಿರಿಯೂರಿನ ವಿದ್ಯಾರ್ಥಿನಿಯೊಬ್ಬಳು ಬರೆದಳೆಂದು ಇಟ್ಟುಕೊಳ್ಳೋಣ. ಕರಾವಳಿಯಲ್ಲೋ ಬೀದರಿನಲ್ಲೋ ಕುಳಿತು ತಿದ್ದುವವರಿಗೆ ಮಾರಿಕಣಿವೆ ಎಂದರೆ ಊರೇ, ಬೆಟ್ಟವೇ, ಕೆರೆಯೇ ಎಂಬುದು ಗೊತ್ತಿರಬೇಕಾಗಿಲ್ಲ. ಅದಕ್ಕೆ ಮುಂಚೆ ‘ವೇದಾವತಿ ನದಿಗೆ ಕಟ್ಟಿರುವ ವಾಣಿವಿಲಾಸ ಸಾಗರ ಜಲಾಶಯವನ್ನು ನಮ್ಮ ಕಡೆ ಮಾರಿಕಣಿವೆ ಎನ್ನುತ್ತಾರೆ’ ಎಂಬ ಒಂದು ವಾಕ್ಯ ಬಂದರೆ ಸಾಕು, ಊರಿನ ಮಾತು ಪರವೂರಿನವರಿಗೂ ಮಾಹಿತಿಯಾಗುತ್ತದೆ. ಸ್ವಂತ ಅನುಭವಕ್ಕೆ ಅಂಕ ಬರಲಿಲ್ಲವೆಂಬ ದೂರಿನ ಹಿಂದೆ ಬಹುಮಟ್ಟಿಗೆ ಇರುವುದು ಬಿಟ್ಟುಹೋದ ಇಂಥ ಒಂದು ವಾಕ್ಯ.

ಒಂದೇ ಪ್ರಬಂಧ, ಹಲವು ಅಂಕ

ಹಾಗೆಂದು ತಿದ್ದುವ ಕೈ ಯಂತ್ರದಂತೆ ಸಮನಾಗಿ ನಡೆಯುತ್ತದೆ ಎನ್ನಲಾಗದು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು 1912ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂಗ್ಲಿಷ್ ಭಾಷೆಯ ಎರಡು ಉತ್ತರಪತ್ರಿಕೆಗಳ ಪ್ರತಿಗಳನ್ನು ನೂರಕ್ಕೂ ಹೆಚ್ಚು ಪ್ರೌಢಶಾಲೆಗಳ ಶಿಕ್ಷಕರಿಗೆ ಕಳುಹಿಸಿದ್ದರು. ಒಂದೇ ಪತ್ರಿಕೆಗೆ ನೂರಕ್ಕೆ ಐವತ್ತರ ಹತ್ತಿರ ಕೊಟ್ಟವರೂ ಇದ್ದರು, ತೊಂಬತ್ತೈದು ದಾಟಿಸಿದವರೂ ಇದ್ದರು. ಭಾಷೆಯ ವಿಷಯವಾದ್ದರಿಂದ ಹೀಗಾಯಿತೆಂದು ಆಕ್ಷೇಪ ಬಂದಾಗ ಅವರು ಮರುವರ್ಷ ರೇಖಾಗಣಿತದ ಪತ್ರಿಕೆಯೊಂದನ್ನು ಅದೇ ರೀತಿ ಕಳುಹಿಸಿದರು. ಅಲ್ಲಿ ವ್ಯತ್ಯಾಸ ಇನ್ನೂ ಹೆಚ್ಚಿತ್ತು!

ಈ ವ್ಯತ್ಯಾಸ ಏಕೆ ಹುಟ್ಟುತ್ತದೆ ಎಂಬುದನ್ನು ಚೆನ್ನಾಗಿ ಬಿಡಿಸಿದ್ದು 1961ರಲ್ಲಿ ಪಾಲ್ ಡೀಡೆರಿಕ್ ಮತ್ತು ಸಂಗಡಿಗರು. ಅವರು ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗಳ 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಯ 53 ಓದುಗರಿಗೆ ಕೊಟ್ಟು ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. 101 ಪ್ರಬಂಧಗಳಿಗೆ ಒಂದರಿಂದ ಒಂಬತ್ತರವರೆಗಿನ ಎಲ್ಲ ದರ್ಜೆಗಳೂ ಬಿದ್ದವು. ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ. ಓದುಗರ ಷರಾಗಳನ್ನು ಪರಿಶೀಲಿಸಿದಾಗ ಅವರು ಐದು ಗುಂಪುಗಳಾಗಿ ಒಡೆದಿರುವುದು ಕಂಡಿತು. ಕೆಲವರು ವಿಚಾರವನ್ನು ನೋಡುತ್ತಿದ್ದರು, ಕೆಲವರು ಕಾಗುಣಿತ ಮತ್ತು ವ್ಯಾಕರಣವನ್ನು, ಕೆಲವರು ಜೋಡಣೆಯನ್ನು, ಮತ್ತೆ ಕೆಲವರು ಪದಗಳ ಆಯ್ಕೆಯನ್ನು, ಉಳಿದವರು ಬರೆಹದ ಸೊಗಸನ್ನು. ಯಾರೂ ಬೇಜವಾಬ್ದಾರಿಯಿಂದ ಓದಿರಲಿಲ್ಲ. ಒಬ್ಬೊಬ್ಬರು ಒಂದೊಂದನ್ನು ಓದುತ್ತಿದ್ದರು, ಅಷ್ಟೇ.

ಭಾರತದಲ್ಲಿಯೂ ಇಂಥ ಕೆಲಸ ನಡೆದಿದೆ. ಹಾರ್ಪರ್ ಮತ್ತು ಮಿಶ್ರಾ ಅವರ ಪರೀಕ್ಷಾ ಸಂಶೋಧನೆಗಳನ್ನು ಎನ್‌ಸಿಇಆರ್‌ಟಿ 1976ರಲ್ಲಿಯೇ ಪುಸ್ತಕವಾಗಿ ಹೊರತಂದಿತ್ತು. ಪೀಠಿಕೆಗೆ ಇಷ್ಟು, ವಿಷಯಕ್ಕೆ ಇಷ್ಟು ಎಂದು ಅಂಕವನ್ನು ಮೊದಲೇ ಒಡೆದಿಡುವ ಪದ್ಧತಿ ಈ ಅಂತರವನ್ನು ತಗ್ಗಿಸುವ ಒಂದು ಉಪಾಯ. ಅಂಕಗಳು ನಾಲ್ಕೈದೇ ಆದ್ದರಿಂದ ವ್ಯತ್ಯಾಸವೂ ಒಂದೆರಡು ಅಂಕದೊಳಗೆ ನಿಲ್ಲುತ್ತದೆ. ಆದರೆ ಎಲ್ಲ ಮೌಲ್ಯಮಾಪಕರೂ ಮೊದಲು ಅವೇ ನಾಲ್ಕೈದು ಪ್ರಬಂಧಗಳನ್ನು ಓದಿ, ತಾವು ಕೊಟ್ಟ ಅಂಕವನ್ನು ಪರಸ್ಪರ ಚರ್ಚಿಸಿ, ನಂತರ ಕಟ್ಟು ಬಿಚ್ಚುವ ಕ್ರಮ ಇನ್ನೂ ಹೆಚ್ಚು ಫಲ ಕೊಡುತ್ತದೆ. ಶಾಲಾ ಮಟ್ಟದಲ್ಲಿ ಇದಕ್ಕೆ ಖರ್ಚೂ ಇಲ್ಲ. ಹೊಸದುರ್ಗದ ಎರಡು ಶಾಲೆಗಳ ಕನ್ನಡ ಶಿಕ್ಷಕರು ತಿಂಗಳಿಗೊಮ್ಮೆ ಹತ್ತು ನೋಟ್‌ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು.

ನೀರೆಂಬ ವಿಷಯ, ನಾಲ್ಕು ಊರು

ಜಲ ಸಂರಕ್ಷಣೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸಿದ್ಧ ಪ್ರಬಂಧ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನೀರು ಜೀವಜಲ, ಅದಿಲ್ಲದೆ ಬದುಕಿಲ್ಲ, ಭೂಮಿಯ ಬಹುಭಾಗ ನೀರಿದ್ದರೂ ಕುಡಿಯಲು ಸಿಗುವುದು ಅಲ್ಪ, ಆದ್ದರಿಂದ ನಾವೆಲ್ಲರೂ ನೀರನ್ನು ಉಳಿಸೋಣ. ಒಂದು ವಾಕ್ಯವೂ ತಪ್ಪಲ್ಲ. ಆದರೆ ಬೆಂಗಳೂರಿನ, ಕಾರವಾರದ, ಕಲಬುರಗಿಯ ಮಕ್ಕಳೂ ಇದನ್ನೇ ಬರೆದಿರುತ್ತಾರೆ. ದಿನವಿಡೀ ಇವನ್ನೇ ಓದಿದ ಮೌಲ್ಯಮಾಪಕರು ಮೂರು ಅಂಕ ಹಾಕಿ ಪುಟ ತಿರುವಿದರೆ ಅವರನ್ನು ದೂರುವುದು ಕಷ್ಟ.

ಚಿತ್ರದುರ್ಗ ನಗರದ ವಿದ್ಯಾರ್ಥಿಗೆ ಈ ವಿಷಯಕ್ಕೆ ಬೇಕಾದುದೆಲ್ಲ ಕೋಟೆಯ ಮೇಲೆಯೇ ಇದೆ. ಬಂಡೆಗಳ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡದಲ್ಲಿ ನಿಂತು, ತುಂಬಿದ ಮೇಲೆ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಪೇಟೆಯ ಸಿಹಿನೀರು ಹೊಂಡ, ಸಂತೆ ಹೊಂಡಗಳಿಗೆ ಇಳಿಯುವಂತೆ ಪಾಳೆಯಗಾರರ ಕಾಲದಲ್ಲಿ ವ್ಯವಸ್ಥೆ ಮಾಡಲಾಗಿತ್ತು. ಮಳೆನೀರು ಸಂಗ್ರಹವೆಂಬ ಪಠ್ಯಪುಸ್ತಕದ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ರಾಜ್ಯದಲ್ಲಿ ವಿರಳ. ಶಾಲಾ ಪ್ರವಾಸಕ್ಕೆ ದೂರದ ಜಿಲ್ಲೆಗಳಿಂದ ಮಕ್ಕಳು ಬಂದು ಇದನ್ನು ನೋಡಿ ಹೋಗುತ್ತಾರೆ. ಇದೇ ಊರಿನ ಮಕ್ಕಳ ಪ್ರಬಂಧದಲ್ಲಿ ಅದು ಬರದಿದ್ದರೆ ನಷ್ಟ ಯಾರದು?

ಹಿರಿಯೂರಿನವರಿಗೆ ವಾಣಿವಿಲಾಸ ಸಾಗರವಿದೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಪೂರ್ಣಗೊಂಡ ಈ ಜಲಾಶಯದ ಗರಿಷ್ಠ ಮಟ್ಟ 130 ಅಡಿ. 1933ರ ನಂತರ ಅದು ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಅಂದರೆ 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ತಾತ ಕಾಣದಿದ್ದುದನ್ನು ಮೊಮ್ಮಗಳು ಎರಡು ಬಾರಿ ಕಂಡಿದ್ದಾಳೆ. ಇಷ್ಟನ್ನು ಮೂರು ವಾಕ್ಯಗಳಲ್ಲಿ ಹೇಳಿದರೆ ಬರ, ಮಳೆ, ಸಂಗ್ರಹ ಎಂಬ ಮೂರೂ ಅಂಶಗಳು ಬಂದಂತಾಯಿತು.

ಹೊಸದುರ್ಗದ ವಿದ್ಯಾರ್ಥಿ ಇದೇ ಜಲಾಶಯವನ್ನು ಇನ್ನೊಂದು ದಡದಿಂದ ನೋಡುತ್ತಾನೆ. ವೇದಾವತಿಯು ಹೊಸದುರ್ಗ ತಾಲ್ಲೂಕಿನ ಮೂಲಕ ಹರಿದು ಜಲಾಶಯ ಸೇರುತ್ತದೆ. ಅಣೆಕಟ್ಟೆ ತುಂಬಿದಾಗ ಹಿರಿಯೂರಿನಲ್ಲಿ ಬಾಗಿನ, ಹೊಸದುರ್ಗದ ಹಿನ್ನೀರಿನ ಅಂಚಿನಲ್ಲಿ ನೀರು ನುಗ್ಗಿದ ತೋಟಗಳು. ಒಂದೇ ನೀರು ಒಬ್ಬರಿಗೆ ವರ, ಇನ್ನೊಬ್ಬರಿಗೆ ಸಂಕಟ. ಇದನ್ನು ಬರೆದ ಪ್ರಬಂಧದಲ್ಲಿ ತಾನಾಗಿಯೇ ವಾದವೊಂದು ಮೂಡುತ್ತದೆ: ನೀರು ಸಂಗ್ರಹಿಸಿದರೆ ಸಾಲದು, ಸಂಗ್ರಹದ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ನೋಡಬೇಕು. ಹದಿನೈದು ವರ್ಷದ ಹುಡುಗ ಇಷ್ಟು ಹೇಳಿದರೆ ಅದಕ್ಕಿಂತ ಹೆಚ್ಚಿನದನ್ನು ಯಾವ ಗೈಡೂ ಕೊಡಲಾರದು.

ಹೊಳಲ್ಕೆರೆ ಕಡೆಯವರಿಗೆ ಅಡಿಕೆ ತೋಟ ಮತ್ತು ಕೊಳವೆಬಾವಿಯ ಕಥೆ. ಬರದ ವರ್ಷ ಬಾವಿ ಬತ್ತಿ, ತೋಟ ಉಳಿಸಲು ಟ್ಯಾಂಕರಿನಲ್ಲಿ ನೀರು ತಂದ ಮನೆಗಳು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ಎಷ್ಟು ಅಡಿ ಕೊರೆಸಿದರು, ಒಂದು ಟ್ಯಾಂಕರಿಗೆ ಎಷ್ಟು ಕೊಟ್ಟರು ಎಂಬುದನ್ನು ಮನೆಯಲ್ಲಿ ಕೇಳಿ ತಿಳಿದುಕೊಂಡು ಬರೆದರೆ, ಅಂತರ್ಜಲ ಕುಸಿತವೆಂಬ ದೊಡ್ಡ ಪದಕ್ಕೆ ಅಂಕಿಅಂಶದ ಬೆಂಬಲ ಸಿಕ್ಕಿತು.

ಹೀಗೆ ಬರೆಯುವುದಕ್ಕೆ ಪೂರ್ವಸಿದ್ಧತೆ ಬೇಡವೆಂದಲ್ಲ. ಗೈಡಿನ ಎಂಟು ಪ್ರಬಂಧಗಳನ್ನು ಬಾಯಿಪಾಠ ಮಾಡುವ ಬದಲು, ಸುತ್ತಿ ಬರುವ ಎಂಟು ವಿಷಯಗಳಿಗೆ ತನ್ನ ಊರಿನ ಒಂದೊಂದು ಉದಾಹರಣೆಯನ್ನು, ಅದರ ಇಸವಿ ಅಥವಾ ಅಳತೆಯೊಡನೆ, ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು. ಪರೀಕ್ಷೆಯ ಒಂಬತ್ತು ನಿಮಿಷದಲ್ಲಿ ಒಂದು ನಿಮಿಷ ವಿಷಯದ ಆಯ್ಕೆಗೆ, ಒಂದು ನಿಮಿಷ ಅಂಚಿನಲ್ಲಿ ನಾಲ್ಕು ಪದ ಗೀಚಿಕೊಳ್ಳುವುದಕ್ಕೆ ಹೋಗಲಿ. ಪೀಠಿಕೆಗೆ ಎರಡು ವಾಕ್ಯ ಸಾಕು. ಉಪಸಂಹಾರದಲ್ಲಿ ಪೀಠಿಕೆಯನ್ನೇ ಮತ್ತೆ ಬರೆಯುವ ಅಭ್ಯಾಸ ವ್ಯಾಪಕವಾಗಿದೆ. ಅದರ ಬದಲು ಮುಂದೆ ಆಗಬೇಕಾದ ಒಂದು ಕೆಲಸವನ್ನು ಹೇಳಿದರೆ ಆ ಭಾಗದ ಅಂಕ ಖಚಿತವಾಗಿ ದಕ್ಕುತ್ತದೆ.

ಮನೆಮಾತು ಮತ್ತು ಬರೆಹ

ಕೋಟೆನಾಡಿನ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತೆಲುಗು, ಉರ್ದು, ಲಂಬಾಣಿ ಮಾತಾಡುವ ಮನೆಗಳು ಎಲ್ಲ ತಾಲ್ಲೂಕುಗಳಲ್ಲಿವೆ. ಕನ್ನಡವೇ ಮನೆಮಾತಾದವರೂ ‘ಬರ್ತೈತಿ, ಹೋಗ್ಯಾರೆ’ ಎನ್ನುವವರು. ಇವರು ಬರೆಯಬೇಕಾದುದು ಗ್ರಂಥಸ್ಥ ಕನ್ನಡ. ಅಲ್ಪಪ್ರಾಣ ಮಹಾಪ್ರಾಣಗಳ ಅದಲುಬದಲು, ಹಕಾರ ಬಿಟ್ಟುಹೋಗುವುದು, ಒತ್ತಕ್ಷರದ ಗೊಂದಲ ಇವರ ಬರೆಹದಲ್ಲಿ ಹೆಚ್ಚು ಕಾಣುವ ತಪ್ಪುಗಳು.

ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಒಳಿತು. ಕ್ರಿಯಾಪದದ ರೂಪ ಮತ್ತು ಕಾಗುಣಿತ ಶಿಷ್ಟವಾಗಿರಬೇಕೆಂದು ಪರೀಕ್ಷೆ ನಿರೀಕ್ಷಿಸುತ್ತದೆ. ಅದನ್ನು ಅಭ್ಯಾಸದಿಂದಲೇ ಕಲಿಯಬೇಕು, ರಿಯಾಯಿತಿ ಕೇಳಿ ಪ್ರಯೋಜನವಿಲ್ಲ. ಆದರೆ ಹೊಂಡ, ಕೋಡಿ, ತೂಬು, ಕಟ್ಟೆ, ಬದು, ಕಣ ಮೊದಲಾದ ಪದಗಳು ತಪ್ಪಲ್ಲ. ಅವು ಅಚ್ಚ ಕನ್ನಡದ ಪದಗಳೇ. ಇವನ್ನು ‘ಗ್ರಾಮ್ಯ’ವೆಂದು ಹೊಡೆದುಹಾಕಿ ‘ಜಲಮೂಲ’ ಎಂದು ತಿದ್ದುವ ಕೆಂಪು ಶಾಯಿ ಮಗುವಿಗೆ ತಪ್ಪು ಪಾಠವನ್ನೇ ಹೇಳುತ್ತದೆ. ದುರ್ಗದ ಇತಿಹಾಸವನ್ನು ಕಾದಂಬರಿಗಳಲ್ಲಿ ಕಟ್ಟಿಕೊಟ್ಟ ತ.ರಾ. ಸುಬ್ಬರಾಯರ ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ‘ತಿರುಕ’ ಎಂಬ ಹೆಸರಿನಲ್ಲಿ ಬರೆದವರು. ಈ ನೆಲದ ಹೆಸರು, ಈ ನೆಲದ ಪದ ಬರೆಹಕ್ಕೆ ತಕ್ಕುದಲ್ಲವೆಂದು ಹೇಳುವುದಕ್ಕೆ ಈ ಜಿಲ್ಲೆಯಲ್ಲಂತೂ ಆಧಾರವಿಲ್ಲ.

ಷರಾ ಬೇಕು, ಅಂಕ ಆಮೇಲೆ

ವಾರ್ಷಿಕ ಪರೀಕ್ಷೆಯಲ್ಲಿ ತಿದ್ದಿದ ಪತ್ರಿಕೆ ಮಗುವಿನ ಕೈಗೆ ಮರಳುವುದಿಲ್ಲ. ಕಲಿಕೆ ಆಗಬೇಕಾದುದು ಅದಕ್ಕೆ ಮೊದಲು, ರೂಪಣಾತ್ಮಕ ಮೌಲ್ಯಮಾಪನದ ಹೊತ್ತಿನಲ್ಲಿ. ಅಲ್ಲಿ ಪ್ರಬಂಧದ ಕೆಳಗೆ ‘5ಕ್ಕೆ 3’ ಎಂದಷ್ಟೇ ಬರೆದು ಸಹಿ ಹಾಕುವುದು ರೂಢಿ. ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ, ಇಸ್ರೇಲಿನ ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಕೇವಲ ಷರಾ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಕೇವಲ ಅಂಕ ಪಡೆದವರು ಸುಧಾರಿಸಲಿಲ್ಲ. ಅಂಕ, ಷರಾ ಎರಡನ್ನೂ ಒಟ್ಟಿಗೆ ಪಡೆದವರಿಗೂ ಲಾಭವಾಗಲಿಲ್ಲ. ಅಂಕ ಕಂಡ ಕಣ್ಣು ಷರಾದತ್ತ ಹೊರಳುವುದಿಲ್ಲ. ದೊಡ್ಡವರ ವಿಷಯದಲ್ಲೂ ಇದು ನಿಜವೇ ಇರಬೇಕು.

ಅರವತ್ತು ಮಕ್ಕಳಿರುವ ತರಗತಿಯಲ್ಲಿ ಉದ್ದುದ್ದ ಷರಾ ಬರೆಯಲು ಸಾಧ್ಯವಿಲ್ಲ. ‘ಮೂರನೆಯ ವಾಕ್ಯಕ್ಕೆ ಊರಿನ ಉದಾಹರಣೆ ಕೊಡು’ ಎಂಬಷ್ಟು ಸಾಕು. ‘ಉತ್ತಮ’, ‘ಇನ್ನೂ ಸುಧಾರಿಸಬೇಕು’ ಎಂಬ ಷರಾಗಳಿಂದ ಮಾತ್ರ ಏನೂ ತಿಳಿಯುವುದಿಲ್ಲ. 2022ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಮೊಬೈಲಿನಲ್ಲಿಯೇ ಪ್ರಬಂಧ ಬರೆದುಕೊಡತೊಡಗಿರುವುದರಿಂದ ಮನೆಯಿಂದ ಬರೆಸಿ ತರುವ ಪ್ರಬಂಧವನ್ನು ಅಳೆಯುವುದರಲ್ಲಿ ಅರ್ಥ ಉಳಿದಿಲ್ಲ. ತರಗತಿಯಲ್ಲಿ, ಗಡಿಯಾರ ನೋಡಿಕೊಂಡು, ವಾರಕ್ಕೊಮ್ಮೆ ಹತ್ತು ನಿಮಿಷ ಬರೆಸುವುದು ಉಳಿದಿರುವ ದಾರಿ.

ಪ್ರಬಂಧವೇ ಇಲ್ಲದ ಪರೀಕ್ಷೆಯನ್ನೂ ರಾಜ್ಯ ಕಂಡಿದೆ. ಕೋವಿಡ್ ಕಾರಣದಿಂದ 2021ರ ಜುಲೈನಲ್ಲಿ ಎರಡೇ ದಿನದಲ್ಲಿ ಮುಗಿದ ಎಸ್ಸೆಸ್ಸೆಲ್ಸಿಯು ಸಂಪೂರ್ಣವಾಗಿ ಬಹು ಆಯ್ಕೆಯ, ಓಎಂಆರ್ ಹಾಳೆಯ ಪರೀಕ್ಷೆಯಾಗಿತ್ತು. ಆ ವರ್ಷದ ಮಕ್ಕಳು ಒಂದು ವಾಕ್ಯವನ್ನೂ ಬರೆಯದೆ ಹತ್ತನೆಯ ತರಗತಿ ದಾಟಿದರು. ಅವರಲ್ಲಿ ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತವರಿಗೆ ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ 250 ಅಂಕಗಳ ಪ್ರಬಂಧ ಪತ್ರಿಕೆಯೇ ಎದುರಾಗುತ್ತದೆ. ಅದರ ಎರಡು ಪ್ರಬಂಧಗಳಲ್ಲಿ ಒಂದು ರಾಜ್ಯ ಅಥವಾ ಸ್ಥಳೀಯ ಮಹತ್ವದ ವಿಷಯದ ಮೇಲೆ.

ಅಂಕದ ಬಗ್ಗೆ ಅನುಮಾನವಿದ್ದವರಿಗೆ ಇರುವ ಮಾರ್ಗವನ್ನೂ ತಿಳಿದಿರುವುದು ಒಳ್ಳೆಯದು. ಮರು ಎಣಿಕೆಯಲ್ಲಿ ಕೂಡಿಸಿದ ಮೊತ್ತವನ್ನಷ್ಟೇ ನೋಡುತ್ತಾರೆ. ಪ್ರಬಂಧದ ಅಂಕ ಅದರಿಂದ ಬದಲಾಗದು. ಮರು ಮೌಲ್ಯಮಾಪನದಲ್ಲಿ ಮಾತ್ರ ಬೇರೊಬ್ಬರು ಪ್ರಬಂಧವನ್ನು ಮತ್ತೆ ಓದುತ್ತಾರೆ. ಅದಕ್ಕೆ ಮೊದಲು ಉತ್ತರಪತ್ರಿಕೆಯ ಪ್ರತಿ ಪಡೆಯಬೇಕು. ಪ್ರತಿ ಕೈಗೆ ಬಂದಾಗ ಪೋಷಕರು ಅಂಕವನ್ನು ಮರೆಮಾಡಿ ಪ್ರಬಂಧವನ್ನು ಒಮ್ಮೆ ಓದಿ ನೋಡಬಹುದು: ಬರೆದವರು ಯಾವ ಊರಿನವರೆಂದು ಅದರಿಂದ ಗೊತ್ತಾಗುತ್ತದೆಯೇ? 2023-24ನೇ ಸಾಲಿನಲ್ಲಿ ಪೂರಕ ಪರೀಕ್ಷೆಯ ಬದಲು ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು, ಆಗ ಮೂರರಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಲು ಅವಕಾಶವಿತ್ತು.